ಯಾವಾಗಲೋ ಒಮ್ಮೆ ಬರುವ ಕೆಟ್ಟ ಪಲ್ಸ್ ಹಿಡಿಯುವುದು ಹೇಗೆ? ಆಸಿಲ್ಲೋಸ್ಕೋಪ್ ಟ್ರಿಗರ್ ಬಳಸುವ ಮಾರ್ಗದರ್ಶಿ

"ಬೋರ್ಡ್ ಗಂಟೆಗಟ್ಟಲೆ ಚೆನ್ನಾಗಿ ಓಡುತ್ತದೆ, ಇದ್ದಕ್ಕಿದ್ದಂತೆ ಒಂದು ಬೈಟ್ ಕೆಡುತ್ತದೆ. ಸ್ಕೋಪ್ ಹಾಕಿ ನೋಡಿದರೆ ಸಿಗ್ನಲ್ ಸರಿಯಾಗಿಯೇ ಇದೆ. ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಎಡ್ಜ್ ಟ್ರಿಗರ್ (ಸಿಗ್ನಲ್ ಏರಿದಾಗ ಅಥವಾ ಇಳಿದಾಗ ಅಲೆ ಹಿಡಿ ಎಂದು ಸ್ಕೋಪಿಗೆ ಹೇಳುವ ಸೆಟ್ಟಿಂಗ್) ಇಟ್ಟು, ಪರದೆ ನೋಡುತ್ತಾ ಕೂರುತ್ತಾರೆ. ಹಾಗೆ ಕೂತರೆ ಕೆಟ್ಟ ಪಲ್ಸ್ ಕಣ್ಣಿಗೆ ಬೀಳುವುದು ಅದೃಷ್ಟದ ಮಾತು.

ಕಾರಣ ಸ್ಕೋಪಿನ ಒಳಗೇ ಇದೆ. ಡಿಜಿಟಲ್ ಸ್ಕೋಪ್ ಒಂದು ಅಲೆಯನ್ನು ಹಿಡಿದ ಮೇಲೆ ಅದನ್ನು ಸಂಸ್ಕರಿಸಿ ಪರದೆಗೆ ಹಾಕುತ್ತದೆ. ಆ ಹೊತ್ತಿನಲ್ಲಿ ಏನೇ ಬಂದರೂ ಅದಕ್ಕೆ ಕಾಣದು. ಕಣ್ಣು ಮಿಟುಕಿಸಿದಂತೆ, ಆದರೆ ಮುಚ್ಚಿರುವ ಹೊತ್ತೇ ಹೆಚ್ಚು. ಇದಕ್ಕೆ ಡೆಡ್ ಟೈಮ್ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ನಿಮ್ಮ ಸ್ಕೋಪ್ ಸೆಕೆಂಡಿಗೆ 50,000 ಅಲೆಗಳನ್ನು ಹಿಡಿಯುತ್ತದೆ ಎನ್ನೋಣ. ಟೈಮ್‌ಬೇಸ್ (ಪರದೆಯ ಅಡ್ಡ ಅಳತೆ) ಡಿವಿಷನ್‌ಗೆ, ಅಂದರೆ ಒಂದು ಚೌಕಕ್ಕೆ, 100 ನ್ಯಾನೊಸೆಕೆಂಡ್ ಇದ್ದರೆ 10 ಡಿವಿಷನ್‌ಗೆ 1 ಮೈಕ್ರೊಸೆಕೆಂಡ್. ಅಂದರೆ ಒಂದು ಸೆಕೆಂಡಿನಲ್ಲಿ ಅದು ನಿಜವಾಗಿ ನೋಡಿದ್ದು 50 ಮಿಲಿಸೆಕೆಂಡ್, ಬರೀ ಶೇ. 5. ಸೆಕೆಂಡಿಗೆ 5 ಬಾರಿ ಬರುವ ಗ್ಲಿಚ್ (ಕ್ಷಣಿಕ ಕೆಟ್ಟ ಪಲ್ಸ್) ಕೂಡ ಆ ಒಂದು ಸೆಕೆಂಡಿನಲ್ಲಿ ಸಿಕ್ಕುವ ಸಾಧ್ಯತೆ ಸುಮಾರು ಶೇ. 23 ಮಾತ್ರ. ಗಂಟೆಗೊಮ್ಮೆ ಬರುವುದರ ಗತಿ ನೀವೇ ಊಹಿಸಿ.

ಟ್ರಿಗರ್ ಸರ್ಕ್ಯೂಟ್ ಹಾಗಲ್ಲ. ಸಜ್ಜಾಗಿ ಕಾಯುತ್ತಿರುವಷ್ಟು ಹೊತ್ತೂ ಅದು ಸಿಗ್ನಲನ್ನು ಬಿಡದೆ ನೋಡುತ್ತಿರುತ್ತದೆ. ಒಳ್ಳೆಯ ಪಲ್ಸ್‌ಗಳನ್ನೆಲ್ಲ ಬಿಟ್ಟು, ಕೆಟ್ಟದ್ದು ಬಂದಾಗ ಮಾತ್ರ ಹಿಡಿ ಎಂದು ಅದಕ್ಕೆ ಹೇಳಿಬಿಟ್ಟರೆ ಡೆಡ್ ಟೈಮ್ ಸಮಸ್ಯೆಯೇ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹೇಳಲು ಮಾತ್ರ ನಿಮಗೆ ಅಂಕಿಗಳು ಗೊತ್ತಿರಬೇಕು.

ಉದಾಹರಣೆಗೆ ಒಂದೇ ಕೇಸ್ ಇಟ್ಟುಕೊಳ್ಳೋಣ: 3.3 ವೋಲ್ಟ್‌ನ ಯುಎಆರ್‌ಟಿ (ಎರಡು ಚಿಪ್‌ಗಳ ನಡುವಿನ ಸರಳ ಸೀರಿಯಲ್ ಸಂಪರ್ಕ), ವೇಗ 115200 ಬಾಡ್ (ಇಲ್ಲಿ ಸೆಕೆಂಡಿಗೆ ಅಷ್ಟು ಬಿಟ್), ಒಂದು ಸೆನ್ಸರ್‌ನಿಂದ ಮೈಕ್ರೊಕಂಟ್ರೋಲರ್‌ಗೆ. ಅದೇ ಬೋರ್ಡಿನಲ್ಲಿ ಒಂದು ರಿಲೇ ಇದೆ. ಆಗೊಮ್ಮೆ ಈಗೊಮ್ಮೆ ಚೆಕ್‌ಸಮ್ (ಡೇಟಾ ಸರಿಯಾಗಿ ಬಂತೇ ಎಂದು ತಾಳೆ ನೋಡುವ ಮೊತ್ತ) ತಪ್ಪುತ್ತಿದೆ.

ಏನೇನು ಬೇಕು

ಪಲ್ಸ್ ವಿಡ್ತ್ ಟ್ರಿಗರ್ ಇರುವ ಡಿಜಿಟಲ್ ಸ್ಕೋಪ್. ಈಗಿನ ಅಗ್ಗದ ಮಾಡೆಲ್‌ಗಳಲ್ಲೂ ಇದು ಇರುತ್ತದೆ. ರಂಟ್, ಟೈಮ್‌ಔಟ್, ಸ್ಲೋಪ್ ಟ್ರಿಗರ್‌ಗಳಿದ್ದರೆ ಇನ್ನೂ ಒಳ್ಳೆಯದು. ಬ್ಯಾಂಡ್‌ವಿಡ್ತ್ ಕನಿಷ್ಠ 100 ಮೆಗಾಹರ್ಟ್ಸ್ ಇರಲಿ. 0.35ನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಸ್ಕೋಪ್ ತೋರಿಸಬಲ್ಲ ಅತಿ ವೇಗದ ಏರಿಕೆ ಸಿಗುತ್ತದೆ: 100 ಮೆಗಾಹರ್ಟ್ಸ್‌ಗೆ 3.5 ನ್ಯಾನೊಸೆಕೆಂಡ್. ಜೊತೆಗೆ 10ಎಕ್ಸ್ ಪ್ರೋಬ್‌ಗಳು, ಒಂದು ಆರ್ಡುಯಿನೊ ಉನೊ ಆರ್3 (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್), 1 ಕಿಲೊಓಮ್‌ನ ಎರಡು ರೆಸಿಸ್ಟರ್. ಕೊನೆಯ ಮೂರು ವಸ್ತು ಏಕೆ ಎಂಬುದು ಹಂತ 6ರಲ್ಲಿ.

ಒಂದು ಎಚ್ಚರಿಕೆ ಮೊದಲೇ. ಮೇಜಿನ ಮೇಲಿಡುವ ಸ್ಕೋಪಿನ ಗ್ರೌಂಡ್ ಕ್ಲಿಪ್ ನೇರವಾಗಿ ಮನೆಯ ಅರ್ಥಿಂಗ್‌ಗೆ ಸೇರಿರುತ್ತದೆ. ಎಸ್‌ಎಂಪಿಎಸ್‌ನ (ಸ್ವಿಚಿಂಗ್ ಪವರ್ ಸಪ್ಲೈ) ಮೇನ್ಸ್ ಬದಿಗೆ ಅದನ್ನು ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಬೋರ್ಡ್, ಪ್ರೋಬ್ ಹೋಗುವುದು ಹಾಗಿರಲಿ, ನಿಮ್ಮ ಜೀವಕ್ಕೇ ಅಪಾಯ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಸ್ಕೋಪನ್ನು "ತೇಲಿಸುವುದು" ಪರಿಹಾರವಲ್ಲ, ಆಗ ಸ್ಕೋಪಿನ ಲೋಹದ ಭಾಗಗಳಿಗೇ ಕರೆಂಟ್ ಬರಬಹುದು. ಅಂಥಲ್ಲಿ ಡಿಫರೆನ್ಷಿಯಲ್ ಪ್ರೋಬ್ (ಅರ್ಥಿಂಗ್‌ಗೆ ಸೇರಿಸದೆ ಎರಡು ಬಿಂದುಗಳ ವ್ಯತ್ಯಾಸ ಅಳೆಯುವ ಪ್ರೋಬ್) ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಹಂತ 1: ಸರಿಯಾದ ಪಲ್ಸ್ ಹೇಗಿರಬೇಕೆಂದು ಬರೆದುಕೊಳ್ಳಿ

ಸ್ಕೋಪ್ ಆನ್ ಮಾಡುವ ಮೊದಲೇ ಈ ಕೆಲಸ ಆಗಬೇಕು. 115200 ಬಾಡ್‌ನಲ್ಲಿ ಒಂದು ಬಿಟ್‌ನ ಅವಧಿ 8.68 ಮೈಕ್ರೊಸೆಕೆಂಡ್. ಹಾಗಾಗಿ ಈ ತಂತಿಯಲ್ಲಿ ಮೇಲಿನದಾಗಲಿ ಕೆಳಗಿನದಾಗಲಿ, ಅದಕ್ಕಿಂತ ಕಿರಿದಾದ ಪಲ್ಸ್ ಬರಲೇಬಾರದು. ಬಾಡ್ ರೇಟಿನ ಸಣ್ಣ ವ್ಯತ್ಯಾಸ, ಅಂಚುಗಳ ನಿಧಾನ ಏರಿಳಿತಗಳಿಗೆ ಶೇ. 10 ಬಿಡಿ: 7.8 ಮೈಕ್ರೊಸೆಕೆಂಡ್‌ಗಿಂತ ಕಿರಿದಾದದ್ದೆಲ್ಲ ಕೆಟ್ಟದ್ದು. 9600 ಬಾಡ್ ಆಗಿದ್ದರೆ ಬಿಟ್ ಅವಧಿ 104 ಮೈಕ್ರೊಸೆಕೆಂಡ್, ಮಿತಿ ಸುಮಾರು 94.

ವೋಲ್ಟೇಜ್ ಮಿತಿಗಳನ್ನೂ ಬರೆದುಕೊಳ್ಳಿ. 3.3 ವೋಲ್ಟ್‌ನ ಸಾಮಾನ್ಯ ಲಾಜಿಕ್‌ನಲ್ಲಿ 0.8 ವೋಲ್ಟ್‌ಗಿಂತ ಕಡಿಮೆ ಇದ್ದರೆ ಖಚಿತವಾಗಿ ಸೊನ್ನೆ, 2.0 ವೋಲ್ಟ್‌ಗಿಂತ ಹೆಚ್ಚಿದ್ದರೆ ಖಚಿತವಾಗಿ ಒಂದು. ನಡುವಿನದ್ದು ಯಾರ ಲೆಕ್ಕಕ್ಕೂ ಸಿಗದ ಜಾಗ. ನಿಮ್ಮ ಚಿಪ್ಪಿನ ಡೇಟಾಶೀಟ್ ತೆಗೆದು ಇದನ್ನು ಖಾತ್ರಿ ಮಾಡಿಕೊಳ್ಳಿ. ಕೆಲವು ಚಿಪ್‌ಗಳು ಸಪ್ಲೈ ವೋಲ್ಟೇಜಿನ 0.3 ಮತ್ತು 0.7 ಭಾಗ ಎಂದು ಕೊಡುತ್ತವೆ.

ಪಿಡಬ್ಲ್ಯುಎಂ (ಪಲ್ಸಿನ ಅಗಲ ಬದಲಿಸಿ ನಿಯಂತ್ರಿಸುವ ಸಿಗ್ನಲ್) ಆಗಿದ್ದರೂ ಇದೇ ಕ್ರಮ. 20 ಕಿಲೊಹರ್ಟ್ಸ್‌ಗೆ ಆವರ್ತ 50 ಮೈಕ್ರೊಸೆಕೆಂಡ್. ನಿಮ್ಮ ಪ್ರೋಗ್ರಾಂ ಶೇ. 20ರಿಂದ 80 ಡ್ಯೂಟಿ (ಆವರ್ತದಲ್ಲಿ ಸಿಗ್ನಲ್ ಮೇಲಿರುವ ಪಾಲು) ಮಾತ್ರ ಕೊಡುತ್ತದೆ ಎಂದಾದರೆ ಪಲ್ಸ್ 10ರಿಂದ 40 ಮೈಕ್ರೊಸೆಕೆಂಡ್ ಒಳಗೇ ಇರಬೇಕು.

ಹಂತ 2: ಪ್ರೋಬ್ ಸರಿಮಾಡಿ

ಈ ಹಂತ ಹಾರಿಸಿದವರು ಇಲ್ಲದ ಗ್ಲಿಚ್ ಹಿಂದೆ ಬಿದ್ದು ದಿನಗಟ್ಟಲೆ ಕಳೆಯುತ್ತಾರೆ.

ಪ್ರೋಬಿನ ಸ್ವಿಚ್ 10ಎಕ್ಸ್‌ನಲ್ಲಿರಲಿ. 1ಎಕ್ಸ್‌ನಲ್ಲಿ ಸಾಮಾನ್ಯ ಪ್ರೋಬಿನ ಬ್ಯಾಂಡ್‌ವಿಡ್ತ್ ಕೆಲವೇ ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಕಿರಿದಾದ ಪಲ್ಸ್ ಕರಗಿಯೇ ಹೋಗುತ್ತದೆ. ಸ್ಕೋಪಿನ ಮುಂಭಾಗದ 1 ಕಿಲೊಹರ್ಟ್ಸ್ ಚೌಕ ಅಲೆಗೆ ಪ್ರೋಬ್ ಸಿಕ್ಕಿಸಿ, ಮೂಲೆಗಳು ಉಬ್ಬದೆ ಬಾಗದೆ ಚೌಕವಾಗುವವರೆಗೆ ಟ್ರಿಮ್ಮರ್ ತಿರುಗಿಸಿ. ಚಾನೆಲ್ ಮೆನುವಿನಲ್ಲೂ 10ಎಕ್ಸ್ ಎಂದೇ ಇರಬೇಕು, ಇಲ್ಲವಾದರೆ ಟ್ರಿಗರ್ ಲೆವೆಲ್ ಹತ್ತು ಪಟ್ಟು ತಪ್ಪುತ್ತದೆ. ಅದೇ ಮೆನುವಿನಲ್ಲಿ 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಮಿತಿ ಆಫ್ ಇದೆಯೇ ನೋಡಿ.

ಇನ್ನು ಗ್ರೌಂಡ್ ತಂತಿ. ಮೊಸಳೆ ಕ್ಲಿಪ್ ಇರುವ 15 ಸೆಂಟಿಮೀಟರ್ ತಂತಿಯ ಇಂಡಕ್ಟನ್ಸ್ ಸುಮಾರು 150 ನ್ಯಾನೊಹೆನ್ರಿ. ಪ್ರೋಬಿನ 12 ಪಿಕೊಫ್ಯಾರಡ್ ಜೊತೆ ಸೇರಿ ಅದು 120 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಪ್ರತಿ ಚೂಪಾದ ಅಂಚಿನ ಹಿಂದೆಯೂ ಕಾಣುವ ತೆಳ್ಳನೆಯ ನಡುಕ ಬೋರ್ಡಿನದ್ದಲ್ಲ, ನಿಮ್ಮ ತಂತಿಯದ್ದೇ ಆಗಿರಬಹುದು. ಪ್ರೋಬಿನ ಜೊತೆ ಬರುವ ಚಿಕ್ಕ ಗ್ರೌಂಡ್ ಸ್ಪ್ರಿಂಗ್ ಬಳಸಿ. ಕಳೆದುಹೋಗಿದ್ದರೆ ಪ್ರೋಬಿನ ಹುಕ್ ಕಳಚಿ, ತುದಿಯ ಲೋಹದ ಉಂಗುರಕ್ಕೆ ತವರ ಲೇಪಿಸಿದ ಬರಿ ತಾಮ್ರದ ತಂತಿಯನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ತುದಿಯನ್ನು 1 ಸೆಂಟಿಮೀಟರ್ ಹೊರಗೆ ಬಿಡಿ. ಅಷ್ಟೇ ಸಾಕು.

ಈಗ ಒಂದು ಪರೀಕ್ಷೆ: ಪ್ರೋಬಿನ ಮೊನೆ ಮತ್ತು ಗ್ರೌಂಡ್ ಎರಡನ್ನೂ ಬೋರ್ಡಿನ ಒಂದೇ ಗ್ರೌಂಡ್ ಪ್ಯಾಡಿಗೆ ತಾಗಿಸಿ, ರಿಲೇಯನ್ನು ಆನ್-ಆಫ್ ಮಾಡಿ. ಪರದೆಯಲ್ಲಿ ಗೆರೆ ನೇರವಾಗಿಯೇ ಇರಬೇಕು. ಮುಳ್ಳು ಎದ್ದರೆ ಅದು ಪ್ರೋಬ್ ಗಾಳಿಯಿಂದ ಹಿಡಿದದ್ದು ಅಥವಾ ಗ್ರೌಂಡ್ ಲೂಪಿನಿಂದ ಬಂದದ್ದು. ಅದರ ಎತ್ತರ ಬರೆದಿಟ್ಟುಕೊಳ್ಳಿ. ಮುಂದೆ ಸಿಗುವ ಗ್ಲಿಚ್ ಅಷ್ಟೇ ಎತ್ತರದ್ದಾಗಿದ್ದರೆ ನಂಬಬೇಡಿ.

ಹಂತ 3: ಪರ್ಸಿಸ್ಟೆನ್ಸ್‌ನಲ್ಲಿ ಒಮ್ಮೆ ನೋಡಿ

ಪರ್ಸಿಸ್ಟೆನ್ಸ್ ಎಂದರೆ ಹಳೆಯ ಅಲೆಗಳನ್ನು ಅಳಿಸದೆ ಪರದೆಯಲ್ಲೇ ಉಳಿಸುವ ವ್ಯವಸ್ಥೆ. ಡಿಸ್‌ಪ್ಲೇ ಮೆನುವಿನಲ್ಲಿ ಅದನ್ನು ಇನ್ಫಿನಿಟ್‌ಗೆ ಇಟ್ಟು, ಸಾಮಾನ್ಯ ಎಡ್ಜ್ ಟ್ರಿಗರ್‌ನಲ್ಲಿ ಕಾಲು ಗಂಟೆ ಓಡಿಸಿ. ಕೆಟ್ಟ ಪಲ್ಸ್ ಪದೇ ಪದೇ ಬರುವಂಥದ್ದಾದರೆ ಅದರ ನೆರಳು ಮೂಡುತ್ತದೆ: ಕಿರಿದೋ, ಗಿಡ್ಡವೋ, ನಿಧಾನವೋ ತಿಳಿಯುತ್ತದೆ. ಏನೂ ಮೂಡದಿದ್ದರೆ ಬೇಸರ ಬೇಡ, ಮುಂದೆ ಹೋಗಿ. ಅಕ್ವೈರ್ ಮೆನುವಿನಲ್ಲಿ ಆವರೇಜ್ ಆನ್ ಆಗಿರಬಾರದು ಎಂಬುದಷ್ಟೇ ಇಲ್ಲಿ ಮುಖ್ಯ. ಸರಾಸರಿ ತೆಗೆಯುವುದೆಂದರೆ ಒಮ್ಮೊಮ್ಮೆ ಬರುವುದನ್ನು ಅಳಿಸುವುದು ಎಂದೇ ಅರ್ಥ.

ಹಂತ 4: ತಪ್ಪಿಗೆ ತಕ್ಕ ಟ್ರಿಗರ್ ಆರಿಸಿ

ಪಲ್ಸ್ ವಿಡ್ತ್. ನಮ್ಮ ಕೇಸಿಗೆ ಇದೇ ಮೊದಲ ಆಯ್ಕೆ. ಟ್ರಿಗರ್ ಟೈಪ್ ಪಲ್ಸ್, ಮೂಲ ಚಾನೆಲ್ 1, ಷರತ್ತು "ಇದಕ್ಕಿಂತ ಕಡಿಮೆ", ಸಮಯ 7.8 ಮೈಕ್ರೊಸೆಕೆಂಡ್. ಯುಎಆರ್‌ಟಿ ತಂತಿ ಬಿಡುವಿನಲ್ಲಿ ಮೇಲಿರುತ್ತದೆ, ಆದ್ದರಿಂದ ಮೊದಲು ಪೋಲಾರಿಟಿ ನೆಗೆಟಿವ್ ಇಡಿ, ಸಿಗದಿದ್ದರೆ ಪಾಸಿಟಿವ್. ಇಲ್ಲೊಂದು ಸೂಕ್ಷ್ಮವಿದೆ: ಪಲ್ಸಿನ ಅಗಲವನ್ನು ಸ್ಕೋಪ್ ಅಳೆಯುವುದು ಟ್ರಿಗರ್ ಲೆವೆಲ್ ಎಲ್ಲಿದೆಯೋ ಆ ವೋಲ್ಟೇಜಿನಲ್ಲಿ. ಅಂಚು ನಿಧಾನವಾಗಿದ್ದರೆ ಲೆವೆಲ್ ಮೇಲೆ ಕೆಳಗೆ ಮಾಡಿದಂತೆ ಅಗಲವೂ ಬದಲಾಗುತ್ತದೆ. ಪುಲ್‌ಅಪ್ ರೆಸಿಸ್ಟರ್‌ನಿಂದ ಮೇಲೇರುವ ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಇನ್ನೊಂದು ಸಂಪರ್ಕ) ತಂತಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಕೇಸಿಗೆ ಲೆವೆಲ್ 1.4 ವೋಲ್ಟ್ ಸರಿ, 0.8 ಮತ್ತು 2.0ರ ಮಧ್ಯ.

ರಂಟ್. ಎದ್ದಿತು, ಆದರೆ ಪೂರ್ತಿ ಎತ್ತರ ಮುಟ್ಟದೆ ಬಿದ್ದಿತು. ಅದು ರಂಟ್, ಗಿಡ್ಡ ಪಲ್ಸ್. ಎರಡು ಡ್ರೈವರ್‌ಗಳು ಒಂದೇ ತಂತಿಯನ್ನು ಎಳೆದಾಡಿದಾಗ, ಸಪ್ಲೈ ಕುಸಿದಾಗ, ಫ್ಲಿಪ್‌ಫ್ಲಾಪ್ ಗೊಂದಲಕ್ಕೆ ಬಿದ್ದಾಗ ಹುಟ್ಟುತ್ತದೆ. ಇದಕ್ಕೆ ಎರಡು ಲೆವೆಲ್ ಬೇಕು: ಕೆಳಗಿನದು 0.8, ಮೇಲಿನದು 2.0. ಕೆಳಗಿನದನ್ನು ದಾಟಿ, ಮೇಲಿನದನ್ನು ಮುಟ್ಟದೆ, ಮತ್ತೆ ಕೆಳಗಿನದನ್ನೇ ದಾಟಿದರೆ ಸ್ಕೋಪ್ ಹಿಡಿಯುತ್ತದೆ. ಬಿಡುವಿನಲ್ಲಿ ಮೇಲಿರುವ ತಂತಿಗೆ ನೆಗೆಟಿವ್ ರಂಟನ್ನೂ ಪ್ರಯತ್ನಿಸಿ. ಸಾಮಾನ್ಯ ಪಲ್ಸ್ ವಿಡ್ತ್ ಟ್ರಿಗರ್‌ನ ಒಂದೇ ಲೆವೆಲ್‌ಗೆ ರಂಟ್ ಮತ್ತು ಒಳ್ಳೆಯ ಪಲ್ಸ್ ಎರಡೂ ಒಂದೇ ಥರ ಕಾಣುತ್ತವೆ ಎಂಬುದನ್ನು ನೆನಪಿಡಿ.

ಟೈಮ್‌ಔಟ್. ಬರಬೇಕಾದ ಅಂಚು ಬಾರದೇ ಇದ್ದಾಗ ಹಿಡಿಯಲು. ಕೆಲವು ಸ್ಕೋಪ್‌ಗಳಲ್ಲಿ ಇದರ ಹೆಸರು ಡ್ರಾಪ್‌ಔಟ್. ನಿಂತುಹೋಗುವ ಕ್ಲಾಕ್, ಕೆಳಗೇ ಸಿಕ್ಕಿಕೊಳ್ಳುವ ಐ2ಸಿ ತಂತಿಗೆ ಇದೇ ಬೇಕು. "ಇದಕ್ಕಿಂತ ಹೆಚ್ಚು" ಎಂದು ಪಲ್ಸ್ ವಿಡ್ತ್ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಅನೇಕ ಸ್ಕೋಪ್‌ಗಳಲ್ಲಿ ಅದು ಪಲ್ಸ್ ಮುಗಿದ ಮೇಲೆಯೇ ಕೆಲಸ ಮಾಡುವುದು. ತಂತಿ ಕೆಳಗೇ ಉಳಿದುಬಿಟ್ಟರೆ ಪಲ್ಸ್ ಮುಗಿಯುವುದೇ ಇಲ್ಲ, ಟ್ರಿಗರ್ ಆಗುವುದೇ ಇಲ್ಲ.

ಸ್ಲೋಪ್ ಟ್ರಿಗರ್ ಏರಿಕೆ ಇಳಿಕೆಯ ಸಮಯ ನೋಡುತ್ತದೆ. ಐ2ಸಿಯ 100 ಕಿಲೊಹರ್ಟ್ಸ್ ಮೋಡ್‌ನಲ್ಲಿ ಏರಿಕೆಗೆ ಗರಿಷ್ಠ 1000 ನ್ಯಾನೊಸೆಕೆಂಡ್, 400 ಕಿಲೊಹರ್ಟ್ಸ್‌ನಲ್ಲಿ 300, ಮೀರಿದ್ದನ್ನು ಹಿಡಿಯಬಹುದು. ವಿಂಡೋ ಟ್ರಿಗರ್ ಸಪ್ಲೈ ಹಳಿಗೆ (ಚಿಪ್‌ಗಳಿಗೆ ವಿದ್ಯುತ್ ಕೊಡುವ ಲೈನಿಗೆ) ಒಳ್ಳೆಯದು: 3.3 ವೋಲ್ಟ್ ಹಳಿ 3.1ಕ್ಕಿಂತ ಕೆಳಗೆ ಅಥವಾ 3.5ಕ್ಕಿಂತ ಮೇಲೆ ಹೋದರೆ ಹಿಡಿ ಎಂದು ಹೇಳಬಹುದು. ಸೆಟಪ್-ಹೋಲ್ಡ್ ಟ್ರಿಗರ್ ಕ್ಲಾಕ್ ಅಂಚಿನ ಹಿಂದೆ ಮುಂದೆ ಡೇಟಾ ಅಲುಗಾಡಿತೇ ಎಂದು ನೋಡುತ್ತದೆ. ಎಸ್‌ಪಿಐನಂಥ ಕ್ಲಾಕ್ ಇರುವ ಬಸ್‌ಗೆ ಮಾತ್ರ.

ಹಂತ 5: ಮೋಡ್, ಸ್ಕೇಲ್, ಮೆಮೊರಿ

ಟ್ರಿಗರ್ ಮೋಡ್ ನಾರ್ಮಲ್ ಅಥವಾ ಸಿಂಗಲ್ ಇರಲೇಬೇಕು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಆಟೋ ಮೋಡ್‌ನಲ್ಲಿ ಸ್ವಲ್ಪ ಹೊತ್ತು ಟ್ರಿಗರ್ ಬಾರದಿದ್ದರೆ ಸ್ಕೋಪ್ ತಾನೇ ಒಂದು ಅಲೆ ಹಿಡಿದು ತೋರಿಸುತ್ತದೆ. ಪರದೆ ಓಡುತ್ತಿರುವುದನ್ನು ಕಂಡು ಟ್ರಿಗರ್ ಆಗುತ್ತಿದೆ ಎಂದು ನೀವು ಭಾವಿಸುತ್ತೀರಿ, ಸಿಕ್ಕ ಗ್ಲಿಚ್ ಕೂಡ ಮುಂದಿನ ಅಲೆಯಲ್ಲಿ ಅಳಿಸಿಹೋಗುತ್ತದೆ. ಸಿಂಗಲ್ ಮೊದಲನೆಯದನ್ನು ಹಿಡಿದು ನಿಲ್ಲುತ್ತದೆ. ನಾರ್ಮಲ್ ಕೊನೆಯದನ್ನು ಉಳಿಸುತ್ತದೆ. ಸೆಗ್ಮೆಂಟೆಡ್ ಮೆಮೊರಿ ಇದ್ದರೆ (ಸಿಗ್ಲೆಂಟ್‌ನಲ್ಲಿ ಸೀಕ್ವೆನ್ಸ್, ಟೆಕ್ಟ್ರೋನಿಕ್ಸ್‌ನಲ್ಲಿ ಫಾಸ್ಟ್‌ಫ್ರೇಮ್ ಎಂಬ ಹೆಸರಿನಲ್ಲಿ ಸಿಗುತ್ತದೆ) ಒಂದೊಂದು ಟ್ರಿಗರನ್ನೂ ಅದರ ಸಮಯದೊಂದಿಗೆ ಬೇರೆ ಬೇರೆ ತುಂಡಾಗಿ ಉಳಿಸಬಹುದು. ಇದ್ದರೆ ಖಂಡಿತ ಬಳಸಿ.

ಸಿಗ್ನಲ್ ಪರದೆಯ 6-7 ಡಿವಿಷನ್ ಎತ್ತರ ತುಂಬುವಂತೆ ವೋಲ್ಟ್ ಸ್ಕೇಲ್ ಇಡಿ, 3.3 ವೋಲ್ಟ್‌ಗೆ ಡಿವಿಷನ್‌ಗೆ 0.5 ವೋಲ್ಟ್. ಅಲೆ ಪುಟ್ಟದಾಗಿದ್ದರೆ ಟ್ರಿಗರ್ ಸರ್ಕ್ಯೂಟಿನ ಹಿಸ್ಟರಿಸಿಸ್ (ಸಣ್ಣ ಅಲುಗಾಟಕ್ಕೆ ಪ್ರತಿಕ್ರಿಯಿಸದಂತೆ ಇಟ್ಟಿರುವ ಅಂತರ) ಗ್ಲಿಚ್ಚನ್ನೂ ನುಂಗಿಬಿಡುತ್ತದೆ. ಟ್ರಿಗರ್ ಕಪ್ಲಿಂಗ್ ಡಿಸಿ ಇರಲಿ. ಎಚ್‌ಎಫ್ ರಿಜೆಕ್ಟ್ ಆಫ್ ಮಾಡಿ, ನಿಮಗೆ ಬೇಕಾದ ವೇಗದ ಪಲ್ಸನ್ನೇ ಅದು ಸೋಸಿಹಾಕುತ್ತದೆ.

ಮೆಮೊರಿ ಲೆಕ್ಕ ಹೀಗೆ: ಮೆಮೊರಿಯ ಬಿಂದುಗಳನ್ನು ಪರದೆಯ ಒಟ್ಟು ಸಮಯದಿಂದ ಭಾಗಿಸಿದರೆ ಸ್ಯಾಂಪಲ್ ವೇಗ ಬರುತ್ತದೆ. 10 ಮಿಲಿಸೆಕೆಂಡ್ ಪರದೆಗೆ 10 ಲಕ್ಷ ಬಿಂದು ಇದ್ದರೆ ಸೆಕೆಂಡಿಗೆ 10 ಕೋಟಿ ಸ್ಯಾಂಪಲ್, ಅಂದರೆ 10 ನ್ಯಾನೊಸೆಕೆಂಡಿಗೊಂದು. 1 ಕೋಟಿ ಬಿಂದು ಇದ್ದರೆ 1 ನ್ಯಾನೊಸೆಕೆಂಡಿಗೊಂದು. "ಟ್ರಿಗರ್ ಆಯಿತು, ಪರದೆಯಲ್ಲಿ ಮಾತ್ರ ಏನೂ ಇಲ್ಲ" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ: ಸ್ಯಾಂಪಲ್‌ಗಳ ನಡುವೆ ಪಲ್ಸ್ ಜಾರಿಹೋಗಿದೆ. ಮೆಮೊರಿ ಹೆಚ್ಚಿಸಿ, ಅಥವಾ ಪೀಕ್ ಡಿಟೆಕ್ಟ್ (ಸ್ಯಾಂಪಲ್‌ಗಳ ನಡುವಿನ ಗರಿಷ್ಠ, ಕನಿಷ್ಠಗಳನ್ನೂ ಉಳಿಸುವ ಮೋಡ್) ಆನ್ ಮಾಡಿ. ಹಲವು ಸ್ಕೋಪ್‌ಗಳಲ್ಲಿ ಚಾನೆಲ್ ಹೆಚ್ಚಿಸಿದಂತೆ ಸ್ಯಾಂಪಲ್ ವೇಗ ಹಂಚಿಹೋಗುತ್ತದೆ. ರಿಗಾಲ್ ಡಿಎಸ್1054ಝಡ್‌ನಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ 100 ಕೋಟಿ ಇದ್ದದ್ದು ನಾಲ್ಕೂ ಆನ್ ಆದಾಗ 25 ಕೋಟಿಗೆ ಇಳಿಯುತ್ತದೆ.

ಟ್ರಿಗರ್ ಬಿಂದುವನ್ನು ಪರದೆಯ ಬಲಕ್ಕೆ, ಶೇ. 70-80ರ ಹತ್ತಿರ ಸರಿಸಿ. ಕಾರಣ ಸಿಗುವುದು ಗ್ಲಿಚ್‌ಗಿಂತ ಮೊದಲಿನ ಭಾಗದಲ್ಲಿ.

ಹಂತ 6: ಕಾಯುವ ಮೊದಲು ಟ್ರಿಗರನ್ನೇ ಪರೀಕ್ಷಿಸಿ

ರಾತ್ರಿಯಿಡೀ ಸ್ಕೋಪ್ ಬಿಟ್ಟು ಬೆಳಗ್ಗೆ ನೋಡಿದರೆ ಏನೂ ಇಲ್ಲ. ಗ್ಲಿಚ್ ಬರಲಿಲ್ಲವೇ, ಸೆಟ್ಟಿಂಗ್ ತಪ್ಪೇ? ಪರೀಕ್ಷೆ ಮಾಡಿರದಿದ್ದರೆ ಹೇಳಲಾಗದು. ಆರ್ಡುಯಿನೊ ಉನೊ ಬೇಕಾಗುವುದು ಇದಕ್ಕೇ.

ಅದರ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಒಂದು ಸೈಕಲ್ 62.5 ನ್ಯಾನೊಸೆಕೆಂಡ್. ಡಿಜಿಟಲ್‌ರೈಟ್ ಫಂಕ್ಷನ್ ಬಳಸಬೇಡಿ, ಅದಕ್ಕೆ ಮೈಕ್ರೊಸೆಕೆಂಡ್‌ಗಳೇ ಬೇಕು. ಪೋರ್ಟ್ ಬಿ ರಿಜಿಸ್ಟರಿನ ಸೊನ್ನೆಯ ಬಿಟ್ (ಬೋರ್ಡಿನ 8ನೇ ಪಿನ್) ಅನ್ನು ನೇರವಾಗಿ ಒಂದು ಮಾಡಿ, ಮರುಸಾಲಿನಲ್ಲೇ ಸೊನ್ನೆ ಮಾಡಿದರೆ 125 ನ್ಯಾನೊಸೆಕೆಂಡಿನ ಪಲ್ಸ್ ಬರುತ್ತದೆ. 20 ಮೈಕ್ರೊಸೆಕೆಂಡಿನ ಒಳ್ಳೆಯ ಪಲ್ಸ್‌ಗಳ ನಡುವೆ ಹತ್ತು ಸೆಕೆಂಡಿಗೊಮ್ಮೆ ಇದನ್ನು ತೂರಿಸಿ. ಪೋಲಾರಿಟಿ ಪಾಸಿಟಿವ್ ಇಟ್ಟು, ಉನೊ 5 ವೋಲ್ಟ್ ಆದ್ದರಿಂದ ಲೆವೆಲ್ 2.5ಕ್ಕೆ ಏರಿಸಿ. ಹತ್ತು ಸೆಕೆಂಡಿಗೊಮ್ಮೆ ಮಾತ್ರ ಸ್ಕೋಪ್ ಟ್ರಿಗರ್ ಆದರೆ ಸೆಟ್ಟಿಂಗ್ ಸರಿ. ಆಗದಿದ್ದರೆ ಹಂತ 5ಕ್ಕೆ ಹಿಂತಿರುಗಿ.

ರಂಟ್ ಪರೀಕ್ಷೆಗೆ 8 ಮತ್ತು 9ನೇ ಪಿನ್‌ಗಳಿಂದ ತಲಾ 1 ಕಿಲೊಓಮ್ ರೆಸಿಸ್ಟರ್ ತಂದು ಒಂದೆಡೆ ಸೇರಿಸಿ, ಆ ಸಂಧಿಗೆ ಪ್ರೋಬ್ ಹಾಕಿ. ಪೋರ್ಟ್ ಬಿಗೆ 3 ಬರೆದರೆ ಎರಡೂ ಪಿನ್ ಮೇಲೆ, ಸಂಧಿಯಲ್ಲಿ 5 ವೋಲ್ಟ್. 1 ಬರೆದರೆ ಒಂದೇ ಮೇಲೆ, 2.5 ವೋಲ್ಟಿನ ಗಿಡ್ಡ ಪಲ್ಸ್. ಲೆವೆಲ್‌ಗಳನ್ನು 1.5 ಮತ್ತು 3.5ಕ್ಕೆ ಇಟ್ಟು ನೋಡಿ.

ಪರೀಕ್ಷೆ ಮುಗಿದ ಮೇಲೆ ಲೆವೆಲ್ ಮತ್ತು ಪೋಲಾರಿಟಿಯನ್ನು ನಿಮ್ಮ ಬೋರ್ಡಿಗೆ ತಕ್ಕಂತೆ ಮತ್ತೆ ಹೊಂದಿಸುವುದನ್ನು ಮರೆಯಬೇಡಿ. ಆ ಸೆಟ್ಟಿಂಗನ್ನು ಪೆನ್‌ಡ್ರೈವ್‌ಗೆ ಸೇವ್ ಮಾಡಿ.

ಹಂತ 7: ಸಾಕ್ಷಿ ಚಾನೆಲ್‌ಗಳನ್ನು ಹಾಕಿ ಹಿಡಿಯಿರಿ

ಒಂದೇ ಚಾನೆಲ್ ಇದ್ದರೆ ಗ್ಲಿಚ್ ಬಂದದ್ದು ತಿಳಿಯುತ್ತದೆ, ಏಕೆ ಬಂತೆಂದು ತಿಳಿಯದು. ಟ್ರಿಗರ್ ಚಾನೆಲ್ 1ರ ಮೇಲೇ ಇರಲಿ. ಚಾನೆಲ್ 2ನ್ನು ರಿಲೇ ಕಾಯಿಲ್‌ನ ಟ್ರಾನ್ಸಿಸ್ಟರ್ ಬೇಸ್ ಅಥವಾ ಗೇಟಿಗೆ ಹಾಕಿ. ಡಯೋಡ್ ಇಲ್ಲದ ಕಾಯಿಲ್ ಬದಿಗೆ ಪ್ರೋಬ್ ಹಾಕಿದರೆ ನೂರಾರು ವೋಲ್ಟ್ ಎದ್ದು ಸ್ಕೋಪಿಗೇ ಏಟು ಬೀಳಬಹುದು. ಚಾನೆಲ್ 3ನ್ನು ಮೈಕ್ರೊಕಂಟ್ರೋಲರಿನ ಸಪ್ಲೈ ಪಿನ್ ಪಕ್ಕದ ಕೆಪಾಸಿಟರ್ ಮೇಲೆ ಹಾಕಿ.

ಈಗ ರನ್ ಮಾಡಿ, ಸಿಕ್ಕಿದ್ದನ್ನು ಓದಿ. ಗ್ಲಿಚ್‌ಗೆ ಮೊದಲು 3.3 ವೋಲ್ಟ್ ಹಳಿ ಕುಸಿದಿದ್ದರೆ ಡೀಕಪ್ಲಿಂಗ್ (ಸಪ್ಲೈ ಕುಸಿಯದಂತೆ ಹಿಡಿದಿಡುವ ಕೆಪಾಸಿಟರ್) ಸಾಲದು: ಚಿಪ್ಪಿನ ಪಿನ್‌ಗೆ ಅಂಟಿಕೊಂಡಂತೆ 100 ನ್ಯಾನೊಫ್ಯಾರಡ್ ಇದೆಯೇ ನೋಡಿ. ರಿಲೇ ಆಫ್ ಆದ ತಕ್ಷಣ ಬರುತ್ತಿದ್ದರೆ ಕಾಯಿಲ್‌ಗೆ ಅಡ್ಡಲಾಗಿರುವ ಡಯೋಡ್ ಮೊದಲ ಶಂಕಿತ. ಡಯೋಡ್ ಸರಿಯಿದ್ದು, ಕೆಲವು ಮಿಲಿಸೆಕೆಂಡ್ ತಡವಾಗಿ ಬರುತ್ತಿದ್ದರೆ ರಿಲೇಯ ಸಂಪರ್ಕಗಳು ಬಿಡುವಾಗ ಹಾರುವ ಕಿಡಿಯನ್ನು ಅನುಮಾನಿಸಿ. ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣಕ್ಕೆ ಒಂದೇ ಆಕಾರದ ಮುಳ್ಳು ಇದ್ದರೆ ಅದು ಹಂತ 2ರ ಪ್ರೋಬ್ ಸಮಸ್ಯೆ.

ಸೆಗ್ಮೆಂಟ್‌ಗಳ ನಡುವಿನ ಸಮಯವೂ ಮಾತಾಡುತ್ತದೆ. ಅಂತರಗಳು 20 ಮಿಲಿಸೆಕೆಂಡಿನ ಗುಣಕಗಳಾಗಿದ್ದರೆ 50 ಹರ್ಟ್ಸ್ ಮೇನ್ಸ್ ಕಡೆ ನೋಡಿ, 10ರದ್ದಾದರೆ ರೆಕ್ಟಿಫೈಯರ್ ಕಡೆ. ಕೆಲವೇ ಮೈಕ್ರೊಸೆಕೆಂಡ್ ಅಂತರದಲ್ಲಿ ಸಾಲಾಗಿ ಬಂದರೆ ಪಕ್ಕದ ಸ್ವಿಚಿಂಗ್ ಕನ್ವರ್ಟರ್.

ಸಿಕ್ಕ ಪ್ರತಿ ಗ್ಲಿಚ್ಚೂ ಅಪರಾಧಿಯಲ್ಲ ಎಂಬುದನ್ನೂ ಮನಸ್ಸಿನಲ್ಲಿಡಿ. ಯುಎಆರ್‌ಟಿ ರಿಸೀವರ್ ಬಿಟ್‌ನ ನಡುಭಾಗದಲ್ಲಿ ಸ್ಯಾಂಪಲ್ ಮಾಡುತ್ತದೆ, ಅನೇಕ ಚಿಪ್‌ಗಳು ಮೂರು ಸ್ಯಾಂಪಲ್ ತೆಗೆದು ಬಹುಮತ ನೋಡುತ್ತವೆ. 50 ನ್ಯಾನೊಸೆಕೆಂಡಿನ ಮುಳ್ಳು ಅಲ್ಲಿ ಏನೂ ಮಾಡದೆ ಹೋಗಬಹುದು. ಅದೇ ಮುಳ್ಳು ಕ್ಲಾಕ್, ರೀಸೆಟ್ ಅಥವಾ ಇಂಟರಪ್ಟ್ ತಂತಿಯಲ್ಲಿ ಬಂದರೆ ಕೆಲಸ ಕೆಡಿಸುತ್ತದೆ.

ಹಂತ 8: ಆದರೂ ಸಿಗದಿದ್ದರೆ ಪ್ರೋಗ್ರಾಮಿನಿಂದಲೇ ಟ್ರಿಗರ್ ಕೊಡಿ

ಚೆಕ್‌ಸಮ್ ತಪ್ಪುತ್ತಿದೆ, ಟ್ರಿಗರ್ ಮಾತ್ರ ಮೌನ. ಆಗ ತಪ್ಪು ನೀವು ಊಹಿಸಿದ ರೂಪದಲ್ಲಿಲ್ಲ. ಮೈಕ್ರೊಕಂಟ್ರೋಲರಿನ ಖಾಲಿ ಪಿನ್ ಒಂದನ್ನು ತೆಗೆದುಕೊಂಡು, ಚೆಕ್‌ಸಮ್ ತಪ್ಪಿದ ಸಾಲಿನಲ್ಲೇ ಅದನ್ನು ಮೇಲೆತ್ತುವಂತೆ ಬರೆಯಿರಿ. ಚಾನೆಲ್ 4ನ್ನು ಆ ಪಿನ್‌ಗೆ ಹಾಕಿ, ಸಾದಾ ಎಡ್ಜ್ ಟ್ರಿಗರ್ ಸಿಂಗಲ್ ಮೋಡ್‌ನಲ್ಲಿ ಇಡಿ. ಟ್ರಿಗರ್‌ಗಿಂತ ಹಿಂದಿನ ಮೆಮೊರಿಯಲ್ಲಿ ಕೆಟ್ಟ ಪ್ಯಾಕೆಟ್ ಪೂರ್ತಿ ಇರುತ್ತದೆ. 60 ಬೈಟ್‌ಗಳ ಪ್ಯಾಕೆಟ್ ಎಂದರೆ ಬೈಟಿಗೆ 10 ಬಿಟ್‌ನಂತೆ 600 ಬಿಟ್, ಸುಮಾರು 5.2 ಮಿಲಿಸೆಕೆಂಡ್. ಡಿವಿಷನ್‌ಗೆ 1 ಮಿಲಿಸೆಕೆಂಡ್ ಇಟ್ಟು ಟ್ರಿಗರ್ ಬಿಂದುವನ್ನು ಶೇ. 90ಕ್ಕೆ ಸರಿಸಿದರೆ 9 ಮಿಲಿಸೆಕೆಂಡ್ ಹಿಂದಿನದ್ದು ಸಿಗುತ್ತದೆ. ಎರಡು ಬದಿಯ ಬಾಡ್ ರೇಟ್ ಹೊಂದದಿರುವುದು, ರಿಸೀವ್ ಬಫರ್ ತುಂಬಿ ಬೈಟ್ ಬಿದ್ದುಹೋಗುವುದು, ಇಂಥವು ಬಯಲಾಗುವುದು ಈ ವಿಧಾನದಲ್ಲಿಯೇ. ಹಿಡಿದ ಅಲೆಯಲ್ಲಿ ಪ್ಯಾಕೆಟ್ ನಿರ್ದೋಷವಾಗಿ ಕಂಡರೆ ಹಾರ್ಡ್‌ವೇರ್ ಬಿಟ್ಟು ಕೋಡ್ ಓದಲು ಕೂರಿ.

ಹಂತ 9: ಸರಿಪಡಿಸಿದ್ದನ್ನು ಅದೇ ಟ್ರಿಗರ್‌ನಿಂದ ಖಾತ್ರಿ ಮಾಡಿ

ಡಯೋಡ್ ಹಾಕಿದಿರಿ, ಕೆಪಾಸಿಟರ್ ಸೇರಿಸಿದಿರಿ. ಸೇವ್ ಮಾಡಿದ ಸೆಟ್ಟಿಂಗನ್ನೇ ಮರಳಿ ತೆರೆದು ಓಡಿಸಿ, ಲೆವೆಲ್ ಆಗಲಿ ಸಮಯವಾಗಲಿ ಮುಟ್ಟಬೇಡಿ. ಎಷ್ಟು ಹೊತ್ತು ಕಾಯಬೇಕು? ಮೊದಲು ಗ್ಲಿಚ್ ಸರಾಸರಿ 20 ನಿಮಿಷಕ್ಕೊಮ್ಮೆ ಬರುತ್ತಿತ್ತೆನ್ನಿ. ಅದರ ಮೂರು ಪಟ್ಟು, 1 ಗಂಟೆ, ಏನೂ ಬಾರದಿದ್ದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇ. 5. ಐದು ಪಟ್ಟು ಕಾದರೆ ಶೇ. 1ಕ್ಕಿಂತ ಕಡಿಮೆ. ಗ್ಲಿಚ್‌ಗಳು ಯಾದೃಚ್ಛಿಕವಾಗಿ ಬರುತ್ತಿದ್ದರೆ ಈ ಲೆಕ್ಕ; ರಿಲೇ ಹೊಡೆದಾಗ ಮಾತ್ರ ಬರುವಂಥದ್ದಾದರೆ ಗಡಿಯಾರದ ಬದಲು ರಿಲೇ ಎಷ್ಟು ಸಲ ಹೊಡೆಯಿತೆಂದು ಎಣಿಸಿ.